ಲೋಹಕ್ಕೆ ಮುಪ್ಪು ತರಿಸುವ ಬಗೆ

ಮನೆಯ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಲೋಕರೂಢಿ. ಕಿಟಕಿಯ ಸರಳಿಗೆ ಬಣ್ಣ ಬಳಿಯುತ್ತೇವೆ. ಬೈಸಿಕಲ್ಲಿನ ಸರಪಣಿಗೆ ಎಣ್ಣೆ ಬಿಡುತ್ತೇವೆ. ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಇದಕ್ಕೆ ತದ್ವಿರುದ್ಧವಾದ ಕೆಲಸವನ್ನು ಹೊಟ್ಟೆಪಾಡಿಗಾಗಿ ಮಾಡುವವರೂ ಉಂಟು. ನಿನ್ನೆ ಮಾಡಿದ ಕಬ್ಬಿಣದ ವಸ್ತುವಿಗೆ ಇನ್ನೂರು ವರ್ಷಗಳ ತುಕ್ಕನ್ನು ಎರಡು ದಿನಗಳಲ್ಲಿ ಹಿಡಿಸುವುದು ಅವರ ಕಸುಬು. ಚಲನಚಿತ್ರಗಳಲ್ಲಿ ನಾವು ಕಾಣುವ ಪುರಾತನ ಖಡ್ಗ, ಬೀಗ, ಸಂಕೋಲೆಗಳು ಇಂತಹವರ ಕೈಯಿಂದ ಹೊರಟು ಬಂದವು.

ಕಳೆದ ಮಳೆಗಾಲದಲ್ಲಿ ಶಿವಾಜಿನಗರದ ಗುಜರಿ ಓಣಿಯ ಮೇಸ್ತ್ರಿಯೊಬ್ಬರು ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಬಂದರು. ನಮಗೆ ಅವರ ಪರಿಚಯ ಹಳೆಯದು. ಪಾಠಕ್ಕೆ ಬೇಕಾದ ಹಳೆಯ ಮೋಟಾರು, ಆಯಸ್ಕಾಂತ, ಮಸೂರಗಳನ್ನು ನಾವು ಕೊಳ್ಳುವುದು ಅವರ ಓಣಿಯಲ್ಲಿಯೇ. ಅಂದು ಅವರ ಚೀಲದಲ್ಲಿ ಒಂದು ಗೇಣುದ್ದದ ಲೋಹದ ಕೊಳವೆಯಿತ್ತು. ಅದನ್ನು ಮೇಜಿನ ಮೇಲಿಟ್ಟು, "ಸಾರ್, ಎಂಟು ದಿನದಿಂದ ಉಪ್ಪುನೀರಲ್ಲಿ ಬಿದ್ದಿದೆ. ಬೇಡ ಅಂದಾಗ ಹಿಡಿಯೋ ತುಕ್ಕು ಬೇಕು ಅಂದಾಗ ಹಿಡೀತಿಲ್ಲ. ಇದಕ್ಕೇನಾಗಿದೆ, ನೀವೇ ಹೇಳಿ" ಎಂದರು.

ಕೊಳವೆ ಯಾವುದೆಂದು ಕೇಳಿದೆವು. ಟಿಪ್ಪುವಿನ ಕಾಲದ ಅಗ್ನಿಬಾಣದ ಪ್ರತಿಕೃತಿ ಎಂಬುದು ಉತ್ತರ. ಚಿತ್ರವೊಂದಕ್ಕಾಗಿ ಅಂತಹ ಇಪ್ಪತ್ತು ಬಾಣಗಳೂ ಎರಡು ಖಡ್ಗಗಳೂ ಬೇಕಾಗಿದ್ದವು.

ಮೈಸೂರಿನ ಬಾಣಗಳ ಸಂಗತಿಯನ್ನು ವಾಚಕರು ಕೇಳಿರಬಹುದು. ಕಾಗದದ ಅಥವಾ ಬಿದಿರಿನ ಕೊಳವೆಗೆ ಬದಲು ಬಡಿದು ಮಾಡಿದ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು ತುಂಬಿದುದೇ ಅವುಗಳ ವೈಶಿಷ್ಟ್ಯ. ಕಬ್ಬಿಣ ಹೆಚ್ಚಿನ ಒತ್ತಡವನ್ನು ತಾಳಬಲ್ಲುದು. ಆದಕಾರಣ ಬಾಣ ಹೆಚ್ಚು ದೂರ ಹಾರುತ್ತಿತ್ತು. 1780ರ ಪೊಳ್ಳಿಲೂರಿನ ಕಾಳಗದಲ್ಲಿಯೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇವು ಆಂಗ್ಲರ ಮೇಲೆ ಬಿದ್ದವು. ಇಲ್ಲಿಂದ ಹೋದ ಮಾದರಿಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ಬಾಣಗಳನ್ನು ರೂಪಿಸಿದನು. ಈ ಚರಿತ್ರೆಯನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಪ್ರೊಫೆಸರ್ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಪಾಳುಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಮಿಕ್ಕಿ ಬಾಣಗಳು ಕೆಸರಿನೊಳಗಿಂದ ಹೊರಬಂದವು. ಮೇಸ್ತ್ರಿಗಳಿಗೆ ಮಾದರಿಯಾಗಿ ಕೊಟ್ಟಿದ್ದುದು ಈ ಬಾವಿಯ ಬಾಣಗಳ ಛಾಯಾಚಿತ್ರ.

ಇನ್ನು ಅವರ ಪ್ರಶ್ನೆಗೆ ಬರೋಣ. ಕೊಳವೆಯ ಮೇಲೆ ಕೆಂಪು ತುಕ್ಕಿನ ಸುಳಿವೇ ಇರಲಿಲ್ಲ. ಅಲ್ಲಲ್ಲಿ ಸುಣ್ಣದಂತೆ ಬಿಳಿಯ ಪುಡಿ ಕಟ್ಟಿತ್ತು. ಅಷ್ಟರಿಂದಲೇ ರೋಗ ತಿಳಿಯಿತು. ಅಗ್ಗಕ್ಕೆ ದೊರೆಯಿತೆಂದು ಅವರ ಹುಡುಗರು ನೀರಿನ ಜಿ.ಐ. ಪೈಪನ್ನು ಕೊಯ್ದು ತಂದಿದ್ದರು. ಜಿ.ಐ. ಎಂದರೆ ಸತುವಿನ ಲೇಪವುಳ್ಳ ಕಬ್ಬಿಣ. ಲೋಹಗಳೆಲ್ಲವೂ ನೀರಿನಲ್ಲಿ ತಮ್ಮ ಎಲೆಕ್ಟ್ರಾನುಗಳನ್ನು ಒಂದೇ ಸಮನಾಗಿ ಬಿಟ್ಟುಕೊಡುವುದಿಲ್ಲ. ಈ ಪ್ರವೃತ್ತಿಯನ್ನು ವೋಲ್ಟುಗಳಲ್ಲಿ ಅಳೆದರೆ ಕಬ್ಬಿಣಕ್ಕೆ -0.44, ಸತುವಿಗೆ -0.76 ಬರುತ್ತದೆ. ಎರಡೂ ಕೂಡಿ ನೀರಿನಲ್ಲಿದ್ದಾಗ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಲೇಪ ಒಂದೆರಡು ಕಡೆ ಗೀರಿಹೋದರೂ ಚಿಂತೆಯಿಲ್ಲ. ಪಕ್ಕದಲ್ಲಿ ಸತು ಇರುವ ತನಕ ಆ ಗೀರಿಗೂ ರಕ್ಷಣೆಯುಂಟು. ಮೇಸ್ತ್ರಿಗಳು ಎಂಟು ದಿನ ಕಾದದ್ದು ಸತುವಿನ ಬೂದಿಗಾಗಿ!

ಹಾಗಾದರೆ ಕುಲುಮೆಗಿಟ್ಟು ಸತುವನ್ನು ಸುಟ್ಟುಬಿಡುವುದಾಗಿ ಅವರು ಹೇಳಿದರು. ಕೂಡದೆಂದು ತಡೆದೆವು. ಸತು 907 ಡಿಗ್ರಿಗಳಲ್ಲಿ ಕುದಿದು ಆವಿಯಾಗುತ್ತದೆ. ಆ ಆವಿ ಗಾಳಿಯಲ್ಲಿ ಉರಿದು ಬಿಳಿಯ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. "ಗೊತ್ತು ಸಾರ್, ವೆಲ್ಡಿಂಗ್ ಮಾಡಿದ ರಾತ್ರಿ ಮೈ ನಡುಗುತ್ತೆ. ಹಾಲು ಕುಡಿದು ಮಲಗ್ತೀವಿ" ಎಂದು ನಕ್ಕರು. ಹಾಲಿನಿಂದ ಸತುವಿನ ಹೊಗೆಗೆ ಪರಿಹಾರವಿಲ್ಲ. ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಬಯಲಿನಲ್ಲಿ, ಬೆಂಕಿಯನ್ನು ದೂರವಿಟ್ಟು ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಸತು ಕರಗುತ್ತದೆ. ಬೆಂಕಿ ದೂರವಿರಬೇಕು, ಏಕೆಂದರೆ ಗುಳ್ಳೆಗಳಾಗಿ ಏಳುವುದು ಜಲಜನಕ. ಈ ಉಪಾಯ ಕೈಗೂಡಿತು. ಮರುದಿನ ಬೆಳಿಗ್ಗೆ ಇಪ್ಪತ್ತು ಕೊಳವೆಗಳೂ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದವು.

ಆದರೆ ಚಿತ್ರದ ಕಲಾವಿಭಾಗದವರಿಗೆ ಅದು ಒಪ್ಪಿಗೆಯಾಗಲಿಲ್ಲ. "ನಿನ್ನೆ ಮೊನ್ನೆ ಹಿಡಿದ ತುಕ್ಕಿನ ಹಾಗಿದೆ" ಎಂದರು. ಅವರ ಮಾತು ಸರಿಯಾಗಿತ್ತು; ಅದು ನಿನ್ನೆ ಹಿಡಿದ ತುಕ್ಕೇ.

ತುಕ್ಕು ಎಂದರೆ ಒಂದೇ ವಸ್ತುವಲ್ಲ. ಕಬ್ಬಿಣ, ಆಮ್ಲಜನಕ, ನೀರು, ಈ ಮೂರು ಕೂಡಿ ಹಲವು ಸಂಯುಕ್ತಗಳಾಗುತ್ತವೆ. ಮೊದಲು ಬರುವುದರ ಬಣ್ಣ ಕಿತ್ತಳೆ. ಅದು ಸಡಿಲವಾದದ್ದು, ಬೆರಳಿಗೆ ಅಂಟುತ್ತದೆ. ಕಾಲಕ್ರಮದಲ್ಲಿ ಅದು ಕಂದುಬಣ್ಣದ, ಗಟ್ಟಿಯಾದ, ನೀರಿನಲ್ಲಿ ಇನ್ನಷ್ಟು ಸ್ಥಿರವಾದ ರೂಪಕ್ಕೆ ತಿರುಗುತ್ತದೆ. ಅದರ ಅಡಿಯಲ್ಲಿ, ಲೋಹಕ್ಕೆ ಹತ್ತಿಕೊಂಡು, ಆಮ್ಲಜನಕ ಕಡಮೆಯಿರುವೆಡೆಯಲ್ಲಿ ಮ್ಯಾಗ್ನೆಟೈಟೆಂಬ ಕಪ್ಪು ಪದರ ಬೆಳೆಯುತ್ತದೆ. ಹಳೆಯ ತುಕ್ಕು ಕಾಫಿಬೀಜದ ಬಣ್ಣದಲ್ಲಿ ಕಾಣುವುದು ಈ ಪದರಗಳ ದೆಸೆಯಿಂದ. ಬಂದೂಕು ಮಾಡುವವರು ಬಹುಕಾಲದಿಂದ ಒಂದು ಗುಟ್ಟನ್ನು ಬಲ್ಲರು: ಕೆಂಪು ತುಕ್ಕು ಹಿಡಿದ ನಳಿಕೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಆ ಕೆಂಪು ಕಪ್ಪಾಗುತ್ತದೆ. ಹಿಡಿಸುವುದು, ಕುದಿಸುವುದು, ಸಡಿಲವಾದುದನ್ನು ಉಜ್ಜಿ ತೆಗೆಯುವುದು, ಮತ್ತೆ ಹಿಡಿಸುವುದು. ಹೀಗೆ ಐದಾರು ಆವೃತ್ತಿ. ನಮ್ಮ ಹಿರಿಯರೂ ಇದಕ್ಕೆ ಹತ್ತಿರವಾದ ಇನ್ನೊಂದು ಉಪಾಯವನ್ನು ಅರಿತಿದ್ದರು. ಅಳಲೆಕಾಯಿಯ ಕಷಾಯವನ್ನೂ ಕಬ್ಬಿಣವನ್ನೂ ಕೂಡಿಸಿ ಬರೆಯುವ ಮಸಿ ಮಾಡುತ್ತಿದ್ದರಷ್ಟೆ. ಕಷಾಯದ ಟ್ಯಾನಿನ್ನು ಕಬ್ಬಿಣದೊಡನೆ ಸೇರಿ ಕಡುಕಪ್ಪಾಗುತ್ತದೆ. ಮೇಸ್ತ್ರಿಗಳು ಅಳಲೆಕಾಯಿಯ ಬದಲು ಪಕ್ಕದ ಅಂಗಡಿಯ ಚಹಾದ ಚರಟವನ್ನು ಕುದಿಸಿ ಬಳಿದರು. ಗುಣ ಒಂದೇ.

ಬಣ್ಣ ಬಂದಿತು, ಆದರೂ ಕೊಳವೆಗಳು ಪೈಪಿನ ತುಂಡುಗಳಂತೆಯೇ ಕಾಣುತ್ತಿದ್ದವು. ಕಾರಣ ಲೋಹದಲ್ಲಿಯೇ ಇತ್ತು. ಟಿಪ್ಪುವಿನ ಕಾಲದ ಕಬ್ಬಿಣ ಕರಗಿಸಿ ಎರೆದುದಲ್ಲ, ಕಾಸಿ ಬಡಿದುದು. ಅದರೊಳಗೆ ಕಿಟ್ಟದ ಎಳೆಗಳು ಮರದ ನಾರಿನಂತೆ ಉಳಿದಿರುತ್ತವೆ. ತುಕ್ಕು ಆ ಎಳೆಗಳ ಗುಂಟ ಒಳನುಗ್ಗುತ್ತದೆ. ತುಕ್ಕಿಗೆ ಬೇಕಾಗುವ ಜಾಗ ಅದು ಹುಟ್ಟಿದ ಕಬ್ಬಿಣದ ಎರಡು ಮೂರು ಪಾಲಿಗೂ ಮಿಗಿಲು. ಆದಕಾರಣ ಪದರಗಳು ಉಬ್ಬಿ, ಬಿರಿದು, ಹಳೆಯ ಪುಸ್ತಕದ ಹಾಳೆಗಳಂತೆ ಏಳುತ್ತವೆ. ಈಗಿನ ಮೃದು ಉಕ್ಕಿನಲ್ಲಿ ಈ ನಾರಿಲ್ಲ. ಅದು ಎಲ್ಲೆಡೆಯೂ ಸಮನಾಗಿ ಸವೆಯುತ್ತದೆ, ಇಲ್ಲವೇ ಚುಕ್ಕೆಚುಕ್ಕೆಯಾಗಿ ಕುಳಿಬೀಳುತ್ತದೆ. ಗುಜರಿಯಲ್ಲಿ ಏನು ತಾನೆ ಸಿಕ್ಕದು! ದಂಡಿನ ಪ್ರದೇಶದ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಬಂದ ಬೇಲಿಯ ಸರಳುಗಳನ್ನು ಮೇಸ್ತ್ರಿಗಳು ಮೂಲೆಯಿಂದ ಎಳೆದು ತೋರಿಸಿದರು. ಮುರಿದ ತುದಿಯಲ್ಲಿ ಬಿದಿರಿನ ಸಿಬಿರಿನಂತೆ ನಾರು ಎದ್ದಿತ್ತು. ಅದನ್ನು ಎದುರಿಗಿಟ್ಟುಕೊಂಡು ಅವರು ಕೊಳವೆಗಳ ಮೇಲೆ ಚಾಣದಿಂದ ಉದ್ದಕ್ಕೆ ಸಣ್ಣ ಗೆರೆಗಳನ್ನು ಕೊರೆದು, ಬಳಿಕ ಆಮ್ಲದಲ್ಲಿ ಅದ್ದಿದರು. ಈ ಕೆಲಸದಲ್ಲಿ ನಾವು ಹೇಳಿಕೊಡುವುದೇನೂ ಇರಲಿಲ್ಲ.

ತುಕ್ಕು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದು ಇನ್ನೂ ಸ್ವಾರಸ್ಯವಾದ ವಿಷಯ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಅವರು 1920ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗವನ್ನು ಯಾವ ಕಾಲೇಜಿನಲ್ಲಿಯೂ ಮಾಡಬಹುದು. ಉಜ್ಜಿ ಶುಭ್ರಮಾಡಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದೇ ಒಂದು ಹನಿ. ನೀರಿಗೆ ಮೊದಲೇ ಚೂರು ಫಿನಾಲ್ಫ್ತಲೀನನ್ನೂ ಪೊಟ್ಯಾಸಿಯಂ ಫೆರಿಸಯನೈಡನ್ನೂ ಬೆರೆಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಹನಿಯ ಅಂಚು ಗುಲಾಬಿಯಾಗುತ್ತದೆ, ನಡುವೆ ನೀಲಿ ಮೂಡುತ್ತದೆ. ನೀಲಿಯಿರುವೆಡೆ ಕಬ್ಬಿಣ ಕರಗುತ್ತಿದೆ. ಗುಲಾಬಿಯಿರುವೆಡೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹೀರಿ ಕ್ಷಾರವಾಗುತ್ತಿದೆ. ಒಂದು ಹನಿಯೊಳಗೇ ಒಂದು ವಿದ್ಯುತ್ಕೋಶ! ಗಾಳಿ ಹೇರಳವಾಗಿ ತಗಲುವ ಅಂಚು ಉಳಿಯುತ್ತದೆ, ಗಾಳಿ ತಲುಪದ ನಡುಭಾಗ ಸವೆಯುತ್ತದೆ. ತುಕ್ಕಿಗೆ ಆಮ್ಲಜನಕ ಬೇಕು. ಆದರೆ ಗುಳಿಬೀಳುವುದು ಆಮ್ಲಜನಕ ಕಡಮೆಯಿರುವ ಸ್ಥಳದಲ್ಲಿ. ಧೂಳು ಕೂತ ಸಂದು, ಬೋಲ್ಟಿನ ತಲೆಯಡಿ, ಒದ್ದೆ ದಾರ ಸುತ್ತಿದ ಜಾಗ, ಇವು ಮೊದಲು ಹಾಳಾಗುವುದು ಇದರಿಂದಲೇ. 2002ರಲ್ಲಿ ಕೆಲಸ ನಿಂತು ವರ್ಷಗಟ್ಟಲೆ ಪಾಳುಬಿದ್ದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯ ತಗಡುಗಳಲ್ಲಿ ಪ್ರತಿ ಬೋಲ್ಟಿನ ಕೆಳಗೂ ಕಣ್ಣೀರಿನ ಗೆರೆಯಂತೆ ಕೆಂಪು ಇಳಿದಿದ್ದುದನ್ನು ಕಂಡವರು ಹಲವರು.

ಇದರ ಜೊತೆಗೆ ಸವೆತ. ಕೃಷ್ಣರಾಜಪುರದ ನಿಲ್ದಾಣದಲ್ಲಿ ನಿಂತು ಹಳಿಯನ್ನು ನೋಡಬೇಕು. 1864ರಲ್ಲಿ ದಂಡಿನ ನಿಲ್ದಾಣದಿಂದ ಜೋಲಾರಪೇಟೆಗೆ ಹಾಕಿದ ದಾರಿ ಇದೇ. ಹಳಿಯ ನೆತ್ತಿ ಬೆಳ್ಳಿ, ಪಕ್ಕ ಕಗ್ಗಂದು. ಗಾಲಿ ತಗಲಿದಲ್ಲಿ ತುಕ್ಕು ಕ್ಷಣಕಾಲವೂ ನಿಲ್ಲದು. ಶಿವಾಜಿನಗರದ ಬಸ್ಸುಗಳಲ್ಲಿ ಕೈಹಿಡಿಯುವ ಕಂಬಿಯೂ ಹೀಗೆಯೇ, ಸರಾಸರಿ ಪ್ರಯಾಣಿಕನ ಎತ್ತರಕ್ಕೆ ಸರಿಯಾಗಿ ಹೊಳೆಯುತ್ತದೆ. ಖಡ್ಗದ ಹಿಡಿಯಲ್ಲಿ ಬೆರಳು ಕೂಡುವ ಜಾಗ ಬೆಳಗಬೇಕು, ಸಂದುಗಳು ಕಪ್ಪಾಗಬೇಕು. ಅನೇಕ ಚಿತ್ರಗಳ ಆಯುಧಗಳು ಸುಳ್ಳೆಂದು ತೋರುವುದು ಎಲ್ಲೆಡೆಗೂ ಒಂದೇ ಸಮನಾಗಿ ಮುಪ್ಪು ಬಳಿಯುವುದರಿಂದ.

ಇಲ್ಲಿ ನಮಗೊಂದು ಸಂಶಯ ಹುಟ್ಟಿತು. 1799ರಲ್ಲಿ ಸಿಪಾಯಿಯ ಕೈಯಲ್ಲಿದ್ದ ಬಾಣಕ್ಕೆ ಇನ್ನೂರು ವರ್ಷಗಳ ತುಕ್ಕು ಹಿಡಿಯುವುದೆಂತು? ಅದು ಅಂದು ಕಮ್ಮಾರನ ಕುಲುಮೆಯಿಂದ ಬಂದ ಹೊಸ ವಸ್ತು. ಕಾಸಿದ ಕಬ್ಬಿಣದ ನೀಲಿಗಪ್ಪು ಹೊರಪದರ, ಸುತ್ತಿಗೆಯ ಗುರುತು, ಚರ್ಮದ ಪಟ್ಟಿಯ ಕೆಳಗೆ ಹೆಚ್ಚೆಂದರೆ ಚೂರು ಕೆಂಪು, ಅಷ್ಟೇ ಇದ್ದಿರಬೇಕು. ಛಾಯಾಚಿತ್ರದಲ್ಲಿ ಕಾಣುವುದು ಬಾವಿಯ ಮುಪ್ಪು, ಯುದ್ಧದ ಮುಪ್ಪಲ್ಲ. ಇದನ್ನು ಹೇಳಿದಾಗ ಕಲಾವಿಭಾಗದವರು ಮೊದಲು ಒಪ್ಪಲಿಲ್ಲ. ಹಳೆಯದೆಂದು ಪ್ರೇಕ್ಷಕರಿಗೆ ತಿಳಿಯುವುದು ಹೇಗೆಂದು ವಾದಿಸಿದರು. ಕೊನೆಗೆ ಎರಡು ಬಗೆ ಮಾಡುವುದೆಂದಾಯಿತು: ಯುದ್ಧದ ದೃಶ್ಯಕ್ಕೆ ಹತ್ತು ಹೊಸವು, ಬಾವಿಯ ದೃಶ್ಯಕ್ಕೆ ಹತ್ತು ಹಳೆಯವು. ಬಾವಿಯ ಕೆಸರಿನಲ್ಲಿ ಗಾಳಿಯಿಲ್ಲದೆಯೂ ಬದುಕುವ ಜೀವಾಣುಗಳುಂಟು. ಅವು ನೀರಿನ ಸಲ್ಫೇಟನ್ನು ಸಲ್ಫೈಡು ಮಾಡುವುದರಿಂದ ಕಬ್ಬಿಣದ ಮೇಲೆ ಕಪ್ಪು ಕೂಡುತ್ತದೆ. ನಾವೂ ಒಂದು ಬಕೇಟಿನಲ್ಲಿ ಕೆರೆಯ ಗೋಡು ತುಂಬಿ ಕೊಳವೆಯೊಂದನ್ನು ಹೂತಿಟ್ಟೆವು. ಎರಡು ತಿಂಗಳಲ್ಲಿ ಕಪ್ಪೂ ಕೊಳೆತ ಮೊಟ್ಟೆಯ ನಾತವೂ ಚೆನ್ನಾಗಿಯೇ ಬಂದವು. ಚಿತ್ರೀಕರಣ ಅಷ್ಟು ದಿನ ಕಾಯಲಿಲ್ಲ.

ಅವಸರದಿಂದ ಆಗುವ ಅನಾಹುತವೊಂದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ವಿದ್ಯಾರ್ಥಿಯೊಬ್ಬ ಬೇಗ ತುಕ್ಕು ಬರಲೆಂದು ಬಟ್ಟೆ ಬಿಳುಪು ಮಾಡುವ ಬ್ಲೀಚಿಗೆ ವಿನಿಗರನ್ನು ಸುರಿದನು. ಹೀಗೆ ಮಾಡಿದಾಗ ಹೊರಡುವುದು ಕ್ಲೋರೀನು. 1915ರಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟುದೂ ಇದೇ ಅನಿಲ. ಬಾಗಿಲು ತೆರೆದಿದ್ದುದರಿಂದ ಹುಡುಗ ಕೆಮ್ಮುತ್ತ ಹೊರಗೆ ಓಡಿ ಪಾರಾದನು. ಬ್ಲೀಚಿಗೆ ಯಾವ ಆಮ್ಲವನ್ನೂ ಸೇರಿಸಕೂಡದು.

ಇನ್ನು ಖಡ್ಗಗಳ ವಿಚಾರ. ಈ ಭಾಗವನ್ನು ಬರೆಯುವಾಗ ನಮಗೆ ಇಂದಿಗೂ ಕೈ ತಡೆಯುತ್ತದೆ.

ನಟರು ಬೀಸುವ ಖಡ್ಗದ ಅಲಗು ಅಲ್ಯೂಮಿನಿಯಮ್ಮಿನದು, ಹಗುರ, ಮೊಂಡು. ಹಿಡಿಯನ್ನು ಹಿತ್ತಾಳೆಯಲ್ಲಿ ಮಾಡಿದ್ದರು. ಅಲಗು ಹಿಡಿಯೊಳಗೆ ಕೂಡುವೆಡೆ ಒಂದು ಹಿತ್ತಾಳೆಯ ಬಳೆ. ಪಟ್ಟಿಯನ್ನು ತಣ್ಣಗೆಯೇ ಬಗ್ಗಿಸಿ, ತುದಿಗಳನ್ನು ಒತ್ತಿ ಕೂಡಿಸಿ, ರಿವೆಟ್ ಹೊಡೆದ ಬಳೆ. ಅಲಗನ್ನು ಬಿಗಿಹಿಡಿದಿದ್ದುದು ಅದೊಂದೇ. ಹಿತ್ತಾಳೆಗೆ ಹಳೆಯ ಬಣ್ಣ ಬರಿಸುವುದು ಹೇಗೆಂದು ಮೇಸ್ತ್ರಿಗಳು ಕೇಳಿದಾಗ, ಅಮೋನಿಯದ ಹಬೆಯಲ್ಲಿಡಿರೆಂದು ಸಲಹೆ ಕೊಟ್ಟವರು ನಾವೇ. ಸೀಸೆ ಕೊಟ್ಟುದೂ ನಮ್ಮ ಪ್ರಯೋಗಶಾಲೆಯಿಂದ. ಮುಚ್ಚಳವಿರುವ ಡ್ರಮ್ಮಿನಲ್ಲಿ ಒಂದು ಬಟ್ಟಲು ಅಮೋನಿಯ, ಮೇಲೆ ತೂಗುಹಾಕಿದ ಹಿಡಿಗಳು. ಎರಡು ರಾತ್ರಿಗಳಲ್ಲಿ ಬಂದ ಬಣ್ಣವನ್ನು ನೋಡಿ ಎಲ್ಲರೂ ತಲೆದೂಗಿದರು. ಕಂದಿನ ಮೇಲೆ ಸಂದುಗಳಲ್ಲಿ ನವುರಾದ ಹಸಿರು, ವಸ್ತುಸಂಗ್ರಹಾಲಯದಿಂದ ತಂದಂತಿತ್ತು.

ನಾಲ್ಕನೆಯ ದಿನ ಇಂದಿರಾನಗರದ ಒಂದು ಅಂಗಳದಲ್ಲಿ ಕತ್ತಿವರಸೆಯ ಅಭ್ಯಾಸ. ನಟರು ಮೂರನೆಯ ಬಾರಿ ಬೀಸಿದಾಗ ಅಲಗು ಹಿಡಿಯಿಂದ ಕಳಚಿ ಹಾರಿತು. ಚಹಾ ತರುತ್ತಿದ್ದ ಹುಡುಗನ ಕಿವಿಯ ಪಕ್ಕದಲ್ಲಿ, ಒಂದು ಮೊಳದ ಅಂತರದಲ್ಲಿ, ಹಾದು ಗೋಡೆಗೆ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ಹುಡುಗ ಚಹಾದ ತಟ್ಟೆಯನ್ನು ಚೆಲ್ಲದೆ ಹಾಗೆಯೇ ಹಿಡಿದು ನಿಂತಿದ್ದನು.

ಬಳೆಯನ್ನು ಎತ್ತಿ ನೋಡಿದೆವು. ಉದ್ದಕ್ಕೆ ಸೀಳಿತ್ತು. ಹಿತ್ತಾಳೆ ಮುರಿಯುವ ಮುನ್ನ ಬಾಗಬೇಕು, ಎಳೆಯಬೇಕು. ಇಲ್ಲಿ ಅದೊಂದೂ ಇಲ್ಲದೆ ಗಾಜಿನಂತೆ ಒಡೆದಿತ್ತು. ಸೂಕ್ಷ್ಮದರ್ಶಕದಡಿಯಲ್ಲಿಟ್ಟಾಗ ಬಿರುಕು ಲೋಹದ ಕಣಗಳ ನಡುವಣ ಗಡಿಗಳಲ್ಲಿಯೇ ದಾರಿ ಮಾಡಿಕೊಂಡು ಹೋದುದು ಕಂಡಿತು. ಆಗ ನೆನಪಾಯಿತು. ಅದನ್ನು ನಾವು ಎಂ.ಎಸ್‍ಸಿ. ತರಗತಿಯಲ್ಲಿ ಓದಿದ್ದೆವು, ಓದಿಯೂ ಮರೆತಿದ್ದೆವು.

ಆಂಗ್ಲರ ಕಾಲದಲ್ಲಿ ನಮ್ಮ ದೇಶದ ದಂಡುಗಳಲ್ಲಿ ಒಂದು ವಿಚಿತ್ರ ತೊಂದರೆಯಿತ್ತು. ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆಯ ಕೋಶಗಳು ಯಾರೂ ಮುಟ್ಟದೆಯೇ ತಾವಾಗಿ ಬಿರಿಯುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕಾದುದರಿಂದ ಇದಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಿದ್ದಿತು. 1921ರಲ್ಲಿ ಮೂರ್, ಬೆಕಿನ್‍ಸೇಲ್, ಮ್ಯಾಲಿನ್‍ಸನ್ ಎಂಬ ಮೂವರು ಇದರ ಕಾರಣವನ್ನು ಸ್ಪಷ್ಟಪಡಿಸಿದರು. ಕುದುರೆಯ ಮೂತ್ರದಿಂದ ಅಮೋನಿಯ ಏಳುತ್ತದೆ. ಮಳೆಗಾಲದ ತೇವದಲ್ಲಿ ಅದು ಹಿತ್ತಾಳೆಯ ಮೇಲೆ ಕೂಡುತ್ತದೆ. ತೋಟಾ ಕೋಶವನ್ನು ತಣ್ಣಗೆ ಎಳೆದು ಮಾಡುವುದರಿಂದ ಅದರೊಳಗೆ ಸೆಳೆತ ಉಳಿದಿರುತ್ತದೆ. ಸೆಳೆತವೊಂದೇ ಇದ್ದರೆ ಕೆಡುಕಿಲ್ಲ. ಅಮೋನಿಯವೊಂದೇ ಇದ್ದರೆ ಮೈಬಣ್ಣ ಕೆಡುತ್ತದೆ, ಅಷ್ಟೇ. ಎರಡೂ ಕೂಡಿದರೆ ಬಿರುಕು. ಅಮೋನಿಯ ತಾಮ್ರವನ್ನು ಕರಗಿಸಿಕೊಳ್ಳಬಲ್ಲುದು. ಕಣಗಳ ಗಡಿಯಲ್ಲಿ ಅದು ಕಚ್ಚಿದ ಕೂಡಲೆ ಸೆಳೆತವು ಆ ಗಾಯವನ್ನು ಅಗಲಿಸುತ್ತದೆ, ಅಗಲವಾದ ಗಾಯಕ್ಕೆ ಮತ್ತೆ ಅಮೋನಿಯ.

ಆ ದಂಡಿನ ಬೀದಿಯಲ್ಲಿಯೇ, ಅದೇ ಮಳೆಗಾಲದಲ್ಲಿ, ಕುದುರೆಗಳಿಲ್ಲದೆ ನಾವು ಅದೇ ಪ್ರಯೋಗವನ್ನು ಮಾಡಿದ್ದೆವು. ಬಗ್ಗಿಸಿ ಒತ್ತಿ ಕೂಡಿಸಿದ ಬಳೆ ಸದಾ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಅದರ ಹೊರಮೈಯಲ್ಲಿ ಸೆಳೆತವಿರುತ್ತದೆ. ಹಬೆ ತಗಲಿದುದೂ ಹೊರಮೈಗೇ. ಉಳಿದಿದ್ದ ಎರಡನೆಯ ಖಡ್ಗದ ಬಳೆಯನ್ನು ಗರಗಸದಿಂದ ಕೊಯ್ದು ನೋಡಿದೆವು. ಹಲ್ಲು ಒಳಗೆ ಪೂರ್ತಿ ಹೋಗುವ ಮುನ್ನವೇ ಟಪ್ಪೆಂದು ತೆರೆದು ಬಾಯಿ ಬಿಟ್ಟಿತು. ಒಳಗಿನ ಸೆಳೆತವನ್ನು ಕಣ್ಣಿಗೆ ತೋರಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ; ಗರಗಸವಿರುವ ಯಾವ ಅಂಗಡಿಯಲ್ಲಿಯೂ ಮಾಡಬಹುದು.

ಪರಿಹಾರ ತೊಂದರೆಯಷ್ಟು ತೊಡಕಿನದಲ್ಲ. ಬಗ್ಗಿಸಿದ ಹಿತ್ತಾಳೆಯನ್ನು 250ರಿಂದ 300 ಡಿಗ್ರಿಗಳ ಶಾಖದಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಲೋಹ ಮೆತ್ತಗಾಗದೆಯೇ ಸೆಳೆತದ ಬಹುಭಾಗ ಇಳಿಯುತ್ತದೆ. ಮೇಸ್ತ್ರಿಗಳು ಇನ್ನೂ ಮುಂದೆ ಹೋದರು. ಅಲಗನ್ನು ಹಿಡಿಯಲು ಒಳಗೆ ಉಕ್ಕಿನ ಪಟ್ಟಿ ಹಾಕಿ ಬೋಲ್ಟು ಬಿಗಿದರು. ಹಿತ್ತಾಳೆಯ ಬಳೆ ಅದರ ಮೇಲೆ ಬರಿಯ ಹೊದಿಕೆಯಾಯಿತು. ಅಮೋನಿಯವನ್ನು ಬಿಟ್ಟು, ಬಣ್ಣವನ್ನು ಕುಂಚದಿಂದಲೇ ಬಳಿದರು. ಹತ್ತಿರದಿಂದ ನೋಡಿದರೆ ಮೊದಲಿನ ಚೆಲುವು ಇದಕ್ಕಿಲ್ಲ. ಕ್ಯಾಮೆರಾ ಅಷ್ಟು ಹತ್ತಿರಕ್ಕೆ ಬರಲಿಲ್ಲ.

ಬಾವಿಯ ಬಾಣಗಳನ್ನು ಒಣಗಿಸಲು ಓಣಿಯಲ್ಲಿ ಹರಡಿದ್ದಾಗ ದಾರಿಹೋಕರೊಬ್ಬರು ಒಂದನ್ನು ಕೈಗೆತ್ತಿಕೊಂಡು ಬೆಲೆ ಕೇಳಿದರಂತೆ. ಹೊಸ ಕೊಳವೆಯ ಹತ್ತರಷ್ಟು ಕೊಡಲು ಸಿದ್ಧರಿದ್ದರು. ಇದು ಪ್ರತಿಕೃತಿ ಎಂದರೂ ನಂಬಲಿಲ್ಲ. ನೂರು ವರ್ಷಕ್ಕೂ ಹಳೆಯದಾದ ಇಂತಹ ವಸ್ತು 1972ರ ಶಾಸನದ ಪ್ರಕಾರ ಪುರಾತನ ವಸ್ತು, ಅದನ್ನು ಬೇಕಾದಂತೆ ವ್ಯಾಪಾರ ಮಾಡುವಂತಿಲ್ಲ. ಹೊಸದನ್ನು ಹಳೆಯದೆಂದು ಮಾರಿದರೆ ಅದು ಮೋಸ. ಮೇಸ್ತ್ರಿಗಳು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಬೆರಳಿನಿಂದ ಬಲವಾಗಿ ಉಜ್ಜಿ, ಕೆಂಪಾದ ಬೆರಳನ್ನು ತೋರಿಸಿದರು. ಅಂದು ಸಂಜೆಯೇ ಇಪ್ಪತ್ತು ಕೊಳವೆಗಳ ಒಳಬಾಯಿಗೂ ಉಳಿಯಿಂದ ಇಸವಿಯನ್ನು ಕೊರೆಸಿದರು, ತುಕ್ಕು ತಿಂದರೂ ಬೇಗ ಮಾಸದಷ್ಟು ಆಳಕ್ಕೆ.

ಸೀಳಿದ ಬಳೆ ಈಗ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಅದರ ಬಣ್ಣ ಇಂದಿಗೂ ಬಹು ಸೊಗಸಾಗಿದೆ. ಮೇಸ್ತ್ರಿಗಳು ಬಂದಾಗಲೆಲ್ಲ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮಾತನಾಡದೆ ಮತ್ತೆ ಅಲ್ಲಿಯೇ ಇಡುತ್ತಾರೆ.